ಡೊನೆಗಾಲಿನ ಮಗ್ಗವೂ ಸೂಜಿಯೂ

ಕಳೆದ ಜ್ಯೇಷ್ಠ ಮಾಸದಲ್ಲಿ ನಾವು ಐರ್ಲೆಂಡ್ ದೇಶದ ವಾಯವ್ಯ ಮೂಲೆಯಲ್ಲಿರುವ ಡೊನೆಗಾಲ್ ಸೀಮೆಯಲ್ಲಿ ಕೆಲವು ದಿನಗಳನ್ನು ಕಳೆದೆವು. ಜ್ಯೇಷ್ಠವೆಂದರೆ ಅಲ್ಲಿ ಬೇಸಗೆ. ಆದರೆ ವಾಚಕರು ಅದನ್ನು ನಮ್ಮ ನಾಡಿನ ಬೇಸಗೆಯಂತೆ ಭಾವಿಸಬಾರದು. ನಾವು ಹೋಗಿ ಇಳಿದ ದಿನ ಬೆಳಗಿನಿಂದ ಬೈಗಿನವರೆಗೆ ನಾಲ್ಕು ಸಲ ಮಳೆ ಬಂದಿತು, ನಾಲ್ಕು ಸಲ ಬಿಸಿಲು ಬಂದಿತು. ಗಾಳಿ ಮಾತ್ರ ಒಂದು ಗಳಿಗೆಯೂ ನಿಲ್ಲಲಿಲ್ಲ. ಅಟ್ಲಾಂಟಿಕ್ ಮಹಾಸಾಗರದ ಮೇಲಿನಿಂದ ಅಡೆತಡೆಯಿಲ್ಲದೆ ಬೀಸಿ ಬರುವ ಆ ಗಾಳಿಗೆ ನಾವು ಊರಿನಿಂದ ಒಯ್ದಿದ್ದ ಹತ್ತಿಯ ಕೋಟು ಇದ್ದೂ ಇಲ್ಲದಂತಾಯಿತು. ನಾವು ಇಳಿದುಕೊಂಡಿದ್ದ ಮನೆಯ ಯಜಮಾನಿ ನಮ್ಮ ಅವಸ್ಥೆಯನ್ನು ಕಂಡು ಮರುಗಿ, ಒಳಗಿನಿಂದ ಒಂದು ಹಳೆಯ ಕೋಟನ್ನು ತಂದುಕೊಟ್ಟರು. ಅದು ತಮ್ಮ ಮಾವನವರದೆಂದೂ, ಎಪ್ಪತ್ತು ವರ್ಷಗಳಷ್ಟು ಹಳೆಯದೆಂದೂ, ಆ ಕಣಿವೆಯ ಕುರಿಯ ಉಣ್ಣೆಯನ್ನು ಆ ಕಣಿವೆಯಲ್ಲಿಯೇ ನೂತು, ನೇಯ್ದು, ಹೊಲಿದುದೆಂದೂ ಹೇಳಿದರು. ಮಳೆಯ ಹನಿಗಳು ಅದರ ಮೇಲೆ ನಿಂತು ಜಾರಿದುವೇ ಹೊರತು ಒಳಕ್ಕಿಳಿಯಲಿಲ್ಲ. ಆ ಕೋಟು ಹೇಗೆ ಹುಟ್ಟಿತೆಂದು ವಿಚಾರಿಸುತ್ತ ಹೋದಾಗ ನಮಗೆ ತಿಳಿದುಬಂದ ಸಂಗತಿಗಳನ್ನು ಇಲ್ಲಿ ವಾಚಕರ ಮುಂದಿಡುತ್ತೇವೆ.

ಡೊನೆಗಾಲ್ ಪಟ್ಟಣದಿಂದ ಪಶ್ಚಿಮಕ್ಕೆ ಕಡಲಂಚನ್ನು ಹಿಡಿದು ಒಂದು ರಸ್ತೆ ಹೋಗುವುದು. ಪಟ್ಟಣದ ನಡುವಣ ಚೌಕದಲ್ಲಿ 1866ರಲ್ಲಿ ಆರಂಭವಾದ ಮಗೀ ಎಂಬ ಅರಿವೆಯ ಅಂಗಡಿ ಈಗಲೂ ಇದೆ. ಹಳ್ಳಿಯವರು ನೇಯ್ದ ಉಣ್ಣೆಯ ಬಟ್ಟೆಯನ್ನು ಕೊಂಡು ಹೊರದೇಶಗಳಿಗೆ ಕಳುಹಿಸಿ ಹೆಸರು ಪಡೆದ ಮನೆತನಗಳಲ್ಲಿ ಅದೊಂದು. ಅಲ್ಲಿಂದ ಮುಂದೆ ಕಿಲಿಬೆಗ್ಸ್ ಎಂಬ ಮೀನುಗಾರರ ರೇವು. 1893ರಿಂದ 1959ರವರೆಗೆ ಇಲ್ಲಿಗೆ ಕಿರಿದಾದ ಹಳಿಯ ರೈಲು ಬರುತ್ತಿದ್ದಿತು. ಈಗ ಬಸ್ಸೊಂದೇ ಗತಿ. ಕಿಲಿಬೆಗ್ಸನ್ನು ದಾಟಿದ ಮೇಲೆ ರಸ್ತೆ ಏರುತ್ತ ಇಳಿಯುತ್ತ ಕಿಲ್ಕಾರ್, ಕ್ಯಾರಿಕ್ ಎಂಬ ಊರುಗಳನ್ನು ಹಾದು, ಕೊನೆಗೆ ಗ್ಲೆನ್‌ಕೊಲಂಕಿಲ್ ಎಂಬ ಕಣಿವೆಯನ್ನು ಸೇರುವುದು. ಆರನೆಯ ಶತಮಾನದ ಕೊಲಂಕಿಲ್ ಎಂಬ ಸಂತನ ಹೆಸರಿನ ಕಣಿವೆ ಅದು. ಎಡಗಡೆಗೆ ಸ್ಲೀವ್ ಲೀಗ್ ಎಂಬ ಬೆಟ್ಟ ಸುಮಾರು 600 ಮೀಟರು ಎತ್ತರದಿಂದ ಕಡಲಿಗೆ ಕಡಿದಾಗಿ ಇಳಿದಿರುವುದು. ಬಲಗಡೆಗೆ ಕಪ್ಪು ಜವುಗು ನೆಲ. ಆ ನೆಲವನ್ನು ಇಟ್ಟಿಗೆಯಂತೆ ಕೊಯ್ದು ಒಣಗಿಸಿ ಒಲೆಗೆ ಉರಿಸುವುದು ಅಲ್ಲಿಯ ಹಳೆಯ ವಾಡಿಕೆ. ಮರಗಳು ವಿರಳ, ಬೇಸಾಯದ ಭೂಮಿ ಅಂಗೈಯಗಲ, ಎಲ್ಲಿ ನೋಡಿದರೂ ಕರಿಮುಖದ ಕುರಿಗಳು. ಈ ಹಳ್ಳಿಗಳಲ್ಲಿ ಐರಿಷ್ ಭಾಷೆ ಇನ್ನೂ ಮನೆಮಾತಾಗಿ ಉಳಿದಿದೆ.

ಇಂತಹ ನೆಲದಲ್ಲಿ ಬಾಳುವವರಿಗೆ ಕುರಿಯೇ ಕಾಮಧೇನು. ನಮ್ಮಲ್ಲಿ ಕುರುಬರು ಕಂಬಳಿಯನ್ನು ನೇಯುವಂತೆ ಇಲ್ಲಿಯೂ ಹಿಂದೆ ಮನೆಮನೆಯ ಉಣ್ಣೆ ಮನೆಯವರ ಮೈಮೇಲೆಯೇ ಏರುತ್ತಿದ್ದಿತು. ಆದರೆ ಅದು ಒಂದು ಕುಲದ ಕಸುಬಾಗಿರದೆ ಇಡೀ ಮನೆಯ ಕೆಲಸವಾಗಿದ್ದಿತು. ಬೇಸಗೆಯ ಮೊದಲಲ್ಲಿ ಉಣ್ಣೆಯನ್ನು ಕತ್ತರಿಸಿ, ತೊಳೆದು, ಒಣಗಿಸಿ, ಸ್ವಲ್ಪ ಜಿಡ್ಡು ಸವರುವರು. ಅನಂತರ ಹೆಂಗಸರು ತಂತಿಯ ಹಲ್ಲುಗಳುಳ್ಳ ಎರಡು ಹಲಗೆಗಳ ನಡುವೆ ಅದನ್ನು ಹಿಂಜಿ, ಹಂಜಿ ಮಾಡಿ, ರಾಟೆಯಲ್ಲಿ ನೂಲುವರು. ಒಬ್ಬ ನೇಕಾರನ ಮಗ್ಗವು ಬಿಡುವಿಲ್ಲದೆ ನಡೆಯಬೇಕಾದರೆ ಹಲವು ಮಂದಿ ಹೆಂಗಸರು ಹಿಂಜುತ್ತ ನೂಲುತ್ತ ಇರಬೇಕಾಗಿದ್ದಿತು. ನೇಯ್ಗೆ ಮಾತ್ರ ಬಹುಮಟ್ಟಿಗೆ ಗಂಡಸರ ಕೆಲಸ. ಪುಸ್ತಕಗಳಲ್ಲಿ ನೇಕಾರನ ಹೆಸರು ಬರುವುದು. ಆತನ ಹಿಂದೆ ರಾಟೆಯ ಮುಂದೆ ಚಳಿಗಾಲವನ್ನೆಲ್ಲ ಕಳೆದ ತಾಯಿ, ಹೆಂಡತಿ, ಹೆಣ್ಣುಮಕ್ಕಳ ಹೆಸರು ಬರುವುದು ಅಪೂರ್ವ.

ಬಣ್ಣಗಾರಿಕೆಯ ಸಂಗತಿ ನಮ್ಮ ಗೃಹಿಣಿಯರಿಗೆ ಹಿತವಾಗಬಹುದು. ನಾವು ಸಾರಿನ ಮಸಾಲೆಗೆ ಹಾಕುವ ಕಲ್ಲುಹೂವಿನ ಜಾತಿಯದೇ ಆದ ಒಂದು ಪಾಚಿಯನ್ನು ಅಲ್ಲಿಯವರು ಬಂಡೆಗಳಿಂದ ಕೆರೆದು ತರುವರು. ಅದರ ಹೆಸರು ಕ್ರೋಟಲ್. ಪಾತ್ರೆಯಲ್ಲಿ ಉಣ್ಣೆ ಒಂದು ಪದರ, ಕ್ರೋಟಲ್ ಒಂದು ಪದರವಾಗಿ ಇಟ್ಟು ನೀರು ಹೊಯ್ದು ಗಂಟೆಗಟ್ಟಲೆ ಕುದಿಸಿದರೆ ತುಕ್ಕಿನಂತಹ ಕೆಂಗಂದು ಬಣ್ಣ ಬರುವುದು. ಪಟಿಕವೇ ಮೊದಲಾದ ಬೇರೆ ಯಾವ ಒಗರೂ ಬೇಡ. ಗುಡ್ಡವನ್ನೆಲ್ಲ ಮುಚ್ಚಿರುವ ಹೆದರ್ ಎಂಬ ಪೊದೆಯ ಚಿಗುರನ್ನು ಪಟಿಕದೊಡನೆ ಬೇಯಿಸಿದರೆ ಹಳದಿ. ಜವುಗಿನ ಕೆಸರಿನಿಂದ ಕಪ್ಪು. ನೀಲಿಯನ್ನು ಮಾತ್ರ ಅಂಗಡಿಯಿಂದ ಕೊಳ್ಳಬೇಕಾಗಿದ್ದಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಯೂರೋಪಿಗೆ ಹೋಗುತ್ತಿದ್ದ ನೀಲಿಯಲ್ಲಿ ಬಹುಪಾಲು ನಮ್ಮ ದೇಶದ ರೈತರು ಬೆವರು ಸುರಿಸಿ ಬೆಳೆದುದಲ್ಲವೆ? ಆ ಬಡವರ ನೀಲಿ ಈ ಬಡವರ ಉಣ್ಣೆಗೆ ಹತ್ತಿತೆಂಬುದನ್ನು ನೆನೆದಾಗ, ಕಾಣದ ದೇಶದಲ್ಲಿ ಬಂಧುಗಳನ್ನು ಕಂಡಂತಾಯಿತು.

ಮಗ್ಗದಿಂದ ಇಳಿದ ಅರಿವೆ ಸಡಿಲವಾಗಿಯೂ ಒರಟಾಗಿಯೂ ಇರುವುದು. ಅದನ್ನು ಬಿಸಿನೀರಿನ ತೊಟ್ಟಿಯಲ್ಲಿ ನೆನೆಸಿ, ಜನರು ಎದುರುಬದುರಾಗಿ ಕುಳಿತು ಬರಿಗಾಲಿನಿಂದ ತುಳಿದು ತುಳಿದು ಗಟ್ಟಿ ಮಾಡುವರು. ಆಗ ಎಳೆ ಎಳೆಯೂ ಒಂದನ್ನೊಂದು ಅಪ್ಪಿಕೊಂಡು ಅರಿವೆ ಕುಗ್ಗಿ ದಟ್ಟವಾಗುವುದು. ಗಾಳಿ ಮಳೆಗಳನ್ನು ತಡೆಯುವ ಶಕ್ತಿ ಅದಕ್ಕೆ ಬರುವುದು ಆಗಲೇ. ಸೋಡಾ ಸಾಬೂನುಗಳು ದುರ್ಲಭವಾಗಿದ್ದ ಕಾಲದಲ್ಲಿ ಇದಕ್ಕೆ ಮನೆಯಲ್ಲಿ ಕೂಡಿಟ್ಟ ಹಳೆಯ ಮೂತ್ರವನ್ನು ಬೆರೆಸುತ್ತಿದ್ದರು. ವಾಚಕರು ಮೂಗು ಮುರಿಯಬಾರದು; ಅದರಲ್ಲಿ ಹುಟ್ಟುವ ಅಮೋನಿಯಾ ಜಿಡ್ಡನ್ನು ಕಳೆಯುವ ಒಳ್ಳೆಯ ಕ್ಷಾರವೆಂಬುದನ್ನು ಇಂದಿನ ರಸಾಯನ ಶಾಸ್ತ್ರವೂ ಒಪ್ಪುವುದು.

ಗ್ಲೆನ್‌ಕೊಲಂಕಿಲಿನಿಂದ ಗ್ಲೆಂಗೆಷ್ ಎಂಬ ಕಣಿವೆದಾರಿಯ ಸುತ್ತುಬಳಸುಗಳನ್ನು ಇಳಿದರೆ ಆರ್ಡರಾ ಎಂಬ ಊರು ಸಿಕ್ಕುವುದು. ಉಣ್ಣೆಯ ಕಸುಬಿಗೆ ಇದೇ ರಾಜಧಾನಿ. ಅಲ್ಲಿ ಒಬ್ಬ ವೃದ್ಧ ನೇಕಾರರ ಕೊಟ್ಟಿಗೆಯನ್ನು ಪ್ರವೇಶಿಸಿದೆವು. ಒಳಗೆ ಉಣ್ಣೆಯ ಜಿಡ್ಡಿನ ವಾಸನೆ. ಕಿಟಕಿಯ ಪಕ್ಕದಲ್ಲಿ ಮರದ ಮಗ್ಗ. ಬಲಗೈಯಿಂದ ಹಗ್ಗವನ್ನೆಳೆದರೆ ಲಾಳಿ ಗುಂಡಿನಂತೆ ಈ ಕಡೆಯಿಂದ ಆ ಕಡೆಗೆ ಓಡುವುದು. ಎಡಗೈ ಹಣಿಗೆಯನ್ನು ಬಡಿಯುವುದು. ಕಾಲುಗಳು ಮೆಟ್ಟುಗೋಲುಗಳನ್ನು ತುಳಿಯುವುವು. ಅರಿವೆಯ ಬೂದು ಮೈಮೇಲೆ ಕೆಂಪು, ಹಳದಿ, ಹಸುರು, ನೀಲಿಯ ಚಿಕ್ಕ ಚಿಕ್ಕ ಚುಕ್ಕೆಗಳು ಚೆಲ್ಲಿದ್ದುವು. ಇದೇ ಡೊನೆಗಾಲಿನ ಅರಿವೆಯ ಗುರುತು. ಈ ಚುಕ್ಕೆಗಳು ಬಂದುದು ಹೇಗೆಂದು ಕೇಳಿದೆವು. ಬಣ್ಣ ಹಾಕಿದ ಉಣ್ಣೆಯನ್ನು ಸಣ್ಣ ಗಂಟುಗಳಾಗಿ ಉರುಳಿಸಿ, ಹಿಂಜುವ ಕೆಲಸ ಮುಗಿಯುತ್ತ ಬಂದಾಗ ಬೆರೆಸುವರಂತೆ. ಮೊದಲೇ ಬೆರೆಸಿದರೆ ಅವು ಕರಗಿ ಹೋಗುವುವು, ಕೊನೆಯಲ್ಲಿ ಬೆರೆಸಿದರೆ ನೂಲಿನಲ್ಲಿ ಚುಕ್ಕೆಯಾಗಿ ನಿಲ್ಲುವುವು. ಈಗ ಈ ನೂಲು ಕಿಲ್ಕಾರಿನ ಗಿರಣಿಯಲ್ಲಿ ಆಗುವುದು. ರಾಟೆಯ ಕಾಲ ಮುಗಿಯಿತು.

ಆ ವೃದ್ಧರು ಕೈಯನ್ನು ನಿಲ್ಲಿಸದೆ, "ನಿಮ್ಮ ದೇಶದಲ್ಲಿಯೂ ಕೈಮಗ್ಗಗಳಿವೆಯೆ?" ಎಂದು ಕೇಳಿದರು.

"ಬೇಕಾದಷ್ಟಿವೆ. ನಮ್ಮ ನೇಕಾರರಲ್ಲಿ ಹಲವರು ನೆಲದಲ್ಲಿ ಕುಣಿ ತೋಡಿ ಅದರಲ್ಲಿ ಕಾಲಿಳಿಬಿಟ್ಟು ಕುಳಿತು ನೇಯುವರು" ಎಂದೆವು.

"ಅವರ ಮಕ್ಕಳು ಮಗ್ಗಕ್ಕೆ ಬರುವರೆ?"

"ಕೆಲವರು ಬರುವರು, ಹಲವರು ಪಟ್ಟಣಕ್ಕೆ ಹೋಗುವರು."

"ಹಾಗಾದರೆ ನೀವು ದೂರದವರಲ್ಲ" ಎಂದು ಅವರು ನಕ್ಕರು. ಆ ನಗುವಿನಲ್ಲಿ ಸಂತೋಷವಿರಲಿಲ್ಲ.

ಈ ಸೀಮೆಯ ಜನ ಮಕ್ಕಳನ್ನು ಹೊರದೇಶಕ್ಕೆ ಕಳುಹಿಸುವುದು ಇಂದು ನಿನ್ನೆಯ ಮಾತಲ್ಲ. 1845ರಲ್ಲಿ ಆಲೂಗಡ್ಡೆಯ ಬೆಳೆಗೆ ರೋಗ ಬಡಿದು ಉಂಟಾದ ಮಹಾಕ್ಷಾಮದಲ್ಲಿ ಐರ್ಲೆಂಡಿನ ಸುಮಾರು ಹತ್ತು ಲಕ್ಷ ಜನ ಸತ್ತರು. ಹೆಚ್ಚುಕಡಮೆ ಅಷ್ಟೇ ಜನ ಹಡಗನ್ನೇರಿ ಹೋದರು. ಉಳಿದವರ ಬಾಳು ಮತ್ತೆ ಮತ್ತೆ ಬರದ ಬಾಯಿಗೆ ಬೀಳುತ್ತಿದ್ದಿತು. ಕಾಲುಚೀಲಗಳನ್ನು ಹೆಣೆಯುವ ಹೆಂಗಸರು ವ್ಯಾಪಾರಿಯ ಅಂಗಡಿಗೆ ಮೈಲಿಗಟ್ಟಲೆ ನಡೆದು, ನೂಲನ್ನು ಹೊತ್ತು ತಂದು, ಹೆಣೆದು ಮತ್ತೆ ಹೊತ್ತುಕೊಂಡು ಹೋಗುವರು. ಕೂಲಿಯಾಗಿ ಸಿಕ್ಕುವುದು ಅನೇಕ ವೇಳೆ ಹಣವಲ್ಲ, ಅದೇ ಅಂಗಡಿಯ ಚಹವೂ ಹಿಟ್ಟೂ, ಅದೂ ಆತನು ಹೇಳಿದ ಬೆಲೆಗೆ. ಸಾಲ ಕೊಡುವವನೂ ಸಾಮಾನು ಮಾರುವವನೂ ಒಬ್ಬನೇ ಆದರೆ ಬಡವನ ಗತಿಯೇನೆಂಬುದನ್ನು ನಮ್ಮ ಹಳ್ಳಿಯವರಿಗೆ ವಿವರಿಸಬೇಕಾಗಿಲ್ಲ.

ಇಂತಹ ಕಾಲದಲ್ಲಿ ಮೂರು ಕೈಗಳು ಈ ಕಸುಬನ್ನು ಎತ್ತಿ ಹಿಡಿದುವು. ಮೊದಲನೆಯದು ಆಲಿಸ್ ಹಾರ್ಟ್ ಎಂಬ ಮಹಿಳೆಯದು. ಲಂಡನ್ನಿನ ವೈದ್ಯಪತ್ರಿಕೆಯೊಂದರ ಸಂಪಾದಕರ ಪತ್ನಿಯಾಗಿದ್ದ ಆಕೆ 1883ರಲ್ಲಿ ಡೊನೆಗಾಲಿನ ಬಡತನವನ್ನು ಕಣ್ಣಾರೆ ಕಂಡು, ಅದೇ ವರ್ಷ ಒಂದು ಕೈಗಾರಿಕಾ ನಿಧಿಯನ್ನು ಸ್ಥಾಪಿಸಿದರು. ಆ ನೆಲದ ಗಿಡಪಾಚಿಗಳಿಂದಲೇ ಸ್ಥಿರವಾದ ಬಣ್ಣಗಳನ್ನು ತೆಗೆಯುವುದನ್ನು ಕಲಿಸಿದರು. ಲಂಡನ್ನಿನಲ್ಲಿ ಮಾರಾಟಕ್ಕೆ ಏರ್ಪಾಡು ಮಾಡಿದರು. 1893ರ ಷಿಕಾಗೋ ಮಹಾಪ್ರದರ್ಶನದಲ್ಲಿ ಡೊನೆಗಾಲಿನ ಒಂದು ಹಳ್ಳಿಯನ್ನೇ ಕಟ್ಟಿ ತೋರಿಸಿದರು. ನಮ್ಮ ವಿವೇಕಾನಂದರು ಮಾತನಾಡಿದ ಸರ್ವಧರ್ಮ ಸಮ್ಮೇಳನ ನಡೆದುದೂ ಅದೇ ಪ್ರದರ್ಶನದ ಸಂದರ್ಭದಲ್ಲಿ ಎಂಬುದು ವಾಚಕರಿಗೆ ನೆನಪಿರಬಹುದು.

ಎರಡನೆಯದು, ನೆಲ ಸಾಲದೆ ಜನ ಕಷ್ಟಪಡುತ್ತಿದ್ದ ಪಶ್ಚಿಮ ಸೀಮೆಗಳಿಗಾಗಿ 1891ರಲ್ಲಿ ಅಂದಿನ ಸರಕಾರ ಏರ್ಪಡಿಸಿದ ಮಂಡಲಿಯದು. ಈ ಮಂಡಲಿ ಒಳ್ಳೆಯ ಮಗ್ಗಗಳನ್ನು ಒದಗಿಸಿತು. ಮತ್ತು ಅದಕ್ಕಿಂತ ಮೇಲಾದ ಒಂದು ಕೆಲಸ ಮಾಡಿತು. ಆರ್ಡರಾದಲ್ಲಿ ತಿಂಗಳಿಗೊಮ್ಮೆ ಸೇರುವ ಅರಿವೆಯ ಸಂತೆಗೆ ಪರೀಕ್ಷಕನೊಬ್ಬನನ್ನು ನೇಮಿಸಿತು. ಬೆನ್ನಮೇಲೆ ಅರಿವೆಯ ಸುರುಳಿಯನ್ನು ಹೊತ್ತು ಬಂದ ನೇಕಾರರು ಸಾಲಾಗಿ ನಿಲ್ಲುವರು. ಪರೀಕ್ಷಕನು ಪ್ರತಿಯೊಂದನ್ನೂ ಬಿಚ್ಚಿಸಿ, ಅಳೆದು, ಎಳೆ ತಪ್ಪಿದೆಯೇ ಬಣ್ಣ ಸಮವಾಗಿದೆಯೇ ಎಂದು ನೋಡಿ, ಒಳ್ಳೆಯದಕ್ಕೆ ಮುದ್ರೆಯೊತ್ತುವನು. ಮುದ್ರೆ ಬಿದ್ದ ಅರಿವೆಯ ನೇಕಾರನಿಗೆ ಮಾರಾಟದ ಬೆಲೆಯಲ್ಲದೆ ಸ್ವಲ್ಪ ಬಹುಮಾನವೂ ದೊರೆಯುವುದು. ಹೀಗೆ ಒಳ್ಳೆಯ ಕೆಲಸಕ್ಕೆ ಬಾಯಿಮಾತಿನ ಹೊಗಳಿಕೆಯ ಬದಲು ಕೈಗೆ ಕಾಸು ಬಂದಿತು. ಕೆಲಸವೂ ತಾನಾಗಿ ಸುಧಾರಿಸಿತು. ಈ ಮಂಡಲಿ 1923ರಲ್ಲಿ ಮುಗಿಯಿತು.

ಮೂರನೆಯ ಕೈ ಗ್ಲೆನ್‌ಕೊಲಂಕಿಲಿಗೆ 1951ರಲ್ಲಿ ಪಾದ್ರಿಯಾಗಿ ಬಂದ ಜೇಮ್ಸ್ ಮಕ್‌ಡಯರ್ ಅವರದು. ಊರು ಬರಿದಾಗುತ್ತಿರುವುದನ್ನು ಕಂಡು ಅವರು ಪ್ರಾರ್ಥನೆಯೊಂದರಿಂದಲೇ ತೃಪ್ತರಾಗಲಿಲ್ಲ. ಜನರನ್ನು ಕೂಡಿಸಿ ಸಹಕಾರ ಸಂಘಗಳನ್ನು ಕಟ್ಟಿದರು, ಹೆಂಗಸರ ಹೆಣಿಗೆಗೆ ಮಾರುಕಟ್ಟೆ ಹುಡುಕಿದರು. 1967ರಲ್ಲಿ ಹಳೆಯ ಹುಲ್ಲುಮಾಡಿನ ಮನೆಗಳ ಮಾದರಿಯಲ್ಲಿ ಅವರು ಕಟ್ಟಿಸಿದ ಜಾನಪದ ಗ್ರಾಮವನ್ನು ನಾವು ನೋಡಿದೆವು. ಅವರು 1987ರಲ್ಲಿ ತೀರಿಕೊಂಡರು.

ಈಗ ಸೂಜಿಯ ಕಥೆ. ಆರ್ಡರಾದ ಆ ವೃದ್ಧರಲ್ಲಿ ನಾವು ಒಂದು ಕೋಟಿಗೆ ಸಾಲುವಷ್ಟು ಅರಿವೆಯನ್ನು ಕೊಂಡು, "ಇದನ್ನು ಇಲ್ಲಿಯೇ ಹೊಲಿಸಿಕೊಂಡು ಹೋಗಬಹುದೆ?" ಎಂದು ಕೇಳಿದೆವು. ಅವರು ಅರಿವೆಯನ್ನು ಮಡಿಸುತ್ತ, "ಸುತ್ತಮುತ್ತಲ ಹಳ್ಳಿಗಳಲ್ಲಿ ಹೊಲಿಯುವವರು ಉಳಿದಿಲ್ಲ. ಕೊನೆಯ ದರ್ಜಿ ತೀರಿಹೋದಾಗ ನಾನಿನ್ನೂ ಹುಡುಗ" ಎಂದರು.

ಹಿಂದಿನ ಕಾಲದಲ್ಲಿ ಐರ್ಲೆಂಡಿನ ಹಳ್ಳಿಗಳಲ್ಲಿ ದರ್ಜಿಗೆ ಅಂಗಡಿಯಿರಲಿಲ್ಲ. ಕತ್ತರಿ, ಸೂಜಿದಾರ, ಭಾರವಾದ ಇಸ್ತ್ರಿಪೆಟ್ಟಿಗೆಗಳನ್ನು ಹೊತ್ತುಕೊಂಡು ಆತನೇ ಮನೆಯಿಂದ ಮನೆಗೆ ಬರುವನು. ಬಂದವನು ಅಡುಗೆಮನೆಯ ಮೇಜಿನ ಮೇಲೆ ಬೆಳಕಿಗೆದುರಾಗಿ ಚಕ್ಕಳಮಕ್ಕಳ ಹಾಕಿ ಕುಳಿತನೆಂದರೆ, ಯಜಮಾನನಿಂದ ಹಿಡಿದು ಕಿರಿಮಗುವಿನವರೆಗೆ ಎಲ್ಲರ ಉಡುಪೂ ಮುಗಿಯುವವರೆಗೆ ಅಲ್ಲಿಯೇ ಊಟ, ಅಲ್ಲಿಯೇ ನಿದ್ರೆ. ತಂದೆಯ ಕೋಟು ಸವೆದರೆ ಒಳಮೈಯನ್ನು ಹೊರಗೆ ಮಾಡಿ ಮಗನಿಗೆ ಹೊಲಿಯುವನು. ಪಶ್ಚಿಮ ತೀರದ ಕಾನೆಮಾರಾದಲ್ಲಿಯೂ ಆರನ್ ದ್ವೀಪಗಳಲ್ಲಿಯೂ ಗಂಡುಹುಡುಗರಿಗೆ ದೊಡ್ಡವರಾಗುವವರೆಗೆ ಲಂಗವನ್ನೇ ತೊಡಿಸುತ್ತಿದ್ದರು. ಗಂಡುಮಕ್ಕಳನ್ನು ಕದ್ದೊಯ್ಯುವ ಯಕ್ಷಿಣಿಯರು ಹೆಣ್ಣೆಂದು ಮೋಸಹೋಗಲಿ ಎಂಬುದು ಅದಕ್ಕೆ ಹೇಳುವ ಕಾರಣ. ಅಂತಹ ಹುಡುಗನಿಗೆ ದರ್ಜಿಯು ಮೊದಲ ಷರಾಯಿ ಹೊಲಿದ ದಿನ ಮನೆಯಲ್ಲಿ ಎಂತಹ ಸಂಭ್ರಮವಿದ್ದಿರಬೇಕು! ಕೈ ಹೊಲಿಯುತ್ತಿದ್ದಂತೆ ಆತನ ಬಾಯಿ ಸುತ್ತಲಿನ ಹತ್ತು ಊರುಗಳ ಸುದ್ದಿಯನ್ನೂ ಹಳೆಯ ಕಥೆಗಳನ್ನೂ ಹೇಳುತ್ತಿದ್ದಿತು.

ಇಂತಹ ದರ್ಜಿಗಳಲ್ಲಿ ಒಬ್ಬನ ಹೆಸರು ದೇಶಕ್ಕೆಲ್ಲ ತಿಳಿದಿದೆ. ಡೊನೆಗಾಲಿನಿಂದ ಬಹುದೂರ ದಕ್ಷಿಣದಲ್ಲಿ, ಕಾರ್ಕ್ ಸೀಮೆಯ ಗೂಗೇನ್ ಬಾರಾ ಸರೋವರದ ಬಳಿ ವಾಸವಾಗಿದ್ದ ಟಿಮ್ ಬಕ್ಲಿ ಎಂಬಾತನೇ ಅವನು. ಕಾಲು ಊನವಾಗಿದ್ದ ಈತನೂ ಇವನ ಮಡದಿ ಆನ್‌ಸ್ಟಿಯೂ ಒಲೆಯ ಬಳಿ ಕುಳಿತು ಆಡುತ್ತಿದ್ದ ಮಾತುಗಳನ್ನು ಎರಿಕ್ ಕ್ರಾಸ್ ಎಂಬವರು ಪುಸ್ತಕವಾಗಿ ಬರೆದು 1942ರಲ್ಲಿ ಪ್ರಕಟಿಸಿದರು. ಹಳ್ಳಿಯ ಮಾತಿನಲ್ಲಿ ಸಹಜವಾಗಿರುವ ಬಿಚ್ಚುತನವನ್ನು ಅಶ್ಲೀಲವೆಂದು ಭಾವಿಸಿ ಸರಕಾರ ಆ ಪುಸ್ತಕವನ್ನು ನಿಷೇಧಿಸಿತು. ಶಾಸನಸಭೆಯ ಮೇಲ್ಮನೆಯಲ್ಲಿ ನಾಲ್ಕು ದಿನ ಚರ್ಚೆ ನಡೆಯಿತು. ಪಾದ್ರಿಗಳು ಮನೆಗೆ ಬಂದು ಆ ಮುದುಕನ ಕೈಯಿಂದಲೇ ಪುಸ್ತಕವನ್ನು ಆತನ ಒಲೆಯಲ್ಲಿ ಸುಡಿಸಿದರು. ಊರವರೂ ಆ ಮನೆಯ ಕಡೆ ತಲೆ ಹಾಕುವುದನ್ನು ಬಿಟ್ಟರು. 1945ರಲ್ಲಿ ದರ್ಜಿಯೂ 1947ರಲ್ಲಿ ಆನ್‌ಸ್ಟಿಯೂ ತೀರಿಕೊಂಡರು. ನಿಷೇಧ ತೆರವಾದುದು 1963ರಲ್ಲಿ. ಸೂಜಿ ಹಿಡಿದ ಕೈಗೆ ಒಂದು ಊರಿನ ನೆನಪೆಲ್ಲ ಸೇರಿರುವುದೆಂಬುದನ್ನು ಆ ದೇಶ ತಡವಾಗಿ ಕಂಡುಕೊಂಡಿತು.

ಮಗ್ಗ ಉಳಿದ ನಾಡಿನಲ್ಲಿ ಸೂಜಿ ಏಕೆ ಅಳಿಯಿತು? ನಾವು ಆ ರಾತ್ರಿ ಯಜಮಾನಿಯವರನ್ನು ಈ ಪ್ರಶ್ನೆ ಕೇಳಿದೆವು. ಅವರು ಹೇಳಿದುದು ಇಷ್ಟು: ಅಮೆರಿಕಕ್ಕೆ ಹೋದ ಮಕ್ಕಳು ಊರಿಗೆ ದೊಡ್ಡ ದೊಡ್ಡ ಕಟ್ಟುಗಳಲ್ಲಿ ಸಿದ್ಧ ಉಡುಪುಗಳನ್ನು ಕಳುಹಿಸತೊಡಗಿದರು, ಅನಂತರ ಪಟ್ಟಣದ ಅಂಗಡಿಯಲ್ಲಿ ಅಗ್ಗವಾಗಿ ಸಿಕ್ಕತೊಡಗಿದುವು, ದರ್ಜಿಯನ್ನು ಕರೆಯುವವರಿಲ್ಲವಾಯಿತು. ಇಲ್ಲಿಯ ಅರಿವೆ ಹಡಗನ್ನೇರಿ ಅಮೆರಿಕಕ್ಕೆ ಹೋಯಿತು. ಇಲ್ಲಿಯವರ ಉಡುಪು ಹಡಗನ್ನೇರಿ ಅಮೆರಿಕದಿಂದ ಬಂದಿತು! ಯೋಚಿಸಿ ನೋಡಿದರೆ, ಮಗ್ಗಕ್ಕೆ ಒಂದು ನಿಧಿಯಿದ್ದಿತು, ಒಂದು ಮಂಡಲಿಯಿದ್ದಿತು, ಸಂತೆಯಿದ್ದಿತು, ಮುದ್ರೆಯಿದ್ದಿತು, ಹೊರದೇಶದ ಗಿರಾಕಿಯಿದ್ದನು. ದರ್ಜಿಗೆ ಇದ್ದುದು ತನ್ನ ಊರೊಂದೇ. ಊರು ಕೈಬಿಟ್ಟ ದಿನ ಆತನಿಗೆ ಬೇರೆ ಯಾರೂ ಇರಲಿಲ್ಲ.

ಮಗ್ಗದ ಭಾಗ್ಯವೂ ಈಗ ನಿಶ್ಚಿಂತವಾಗಿಲ್ಲ. ಕೈಯಲ್ಲಿ ನೇಯುವವರು ಬೆರಳೆಣಿಕೆಯಷ್ಟು ಮಂದಿ. ಗುಡ್ಡದ ಕುರಿಯ ಒರಟು ಉಣ್ಣೆಗೆ ಈಚಿನ ವರ್ಷಗಳಲ್ಲಿ ಕತ್ತರಿಸುವ ಕೂಲಿಗೂ ಸಾಲದಷ್ಟು ಬೆಲೆ. ನಯವಾದ ಅರಿವೆಗೆ ಬೇಕಾದ ಉಣ್ಣೆ ಹೊರದೇಶದಿಂದ ಬರುವುದು. ನೆರೆಯ ಸ್ಕಾಟ್ಲೆಂಡಿನ ಹ್ಯಾರಿಸ್ ಅರಿವೆಗೆ 1993ರ ಕಾನೂನಿನ ರಕ್ಷಣೆಯಿದೆ: ಆ ದ್ವೀಪಗಳವರು ತಮ್ಮ ಮನೆಗಳಲ್ಲಿ ಕೈಯಿಂದ ನೇಯ್ದುದಕ್ಕೆ ಮಾತ್ರ ಆ ಹೆಸರು ಸಲ್ಲುವುದು. ಆದರೆ ಚುಕ್ಕೆಯುಳ್ಳ ಅರಿವೆಯನ್ನು ಯಾವ ದೇಶದ ಯಾವ ಯಂತ್ರ ನೇಯ್ದರೂ ವ್ಯಾಪಾರಿಗಳು ಅದನ್ನು ಡೊನೆಗಾಲ್ ಎಂದು ಕರೆಯುವುದು ರೂಢಿಯಾಗಿ ಹೋಗಿದೆ. ನಮ್ಮ ಮೈಸೂರು ರೇಷ್ಮೆಗೆ ಇರುವಂತಹ ಊರಹೆಸರಿನ ರಕ್ಷಣೆಯನ್ನು ಕೈಕಸುಬುಗಳಿಗೂ ಕೊಡುವ ಕಾನೂನನ್ನು ಯೂರೋಪಿನ ಒಕ್ಕೂಟ 2023ರಲ್ಲಿ ಮಾಡಿತು. ಹೆಸರು ಉಳಿದರೆ ಸಾಲದು, ಆ ಹೆಸರಿನ ಬೆಲೆ ನೇಯ್ದವನ ಮನೆಗೆ ಮುಟ್ಟಬೇಕು. ಆರ್ಡರಾದ ಹಳೆಯ ಸಂತೆ ಕಲಿಸುವ ಪಾಠ ಇದೇ.

ಹೊರಡುವ ದಿನ ಯಜಮಾನಿಯವರ ಕೋಟನ್ನು ಮಡಿಸಿ ಹಿಂದಕ್ಕೆ ಕೊಡುವಾಗ ಅದರ ಒಳಗನ್ನು ತಿರುಗಿಸಿ ನೋಡಿದೆವು. ಹೊಲಿಗೆಯ ಅಂಚಿನಲ್ಲಿ ಒಂದೂವರೆ ಅಂಗುಲದಷ್ಟು ಅರಿವೆಯನ್ನು ಒಳಕ್ಕೆ ಮಡಿಸಿ ಬಿಟ್ಟಿದ್ದಿತು. "ಮಾವನವರು ದಪ್ಪಗಾದರೆ ಬಿಚ್ಚಿ ಸಡಿಲಿಸಲೆಂದು ದರ್ಜಿ ಹಾಗೆ ಬಿಟ್ಟದ್ದು. ಅವರು ದಪ್ಪಗಾಗಲೇ ಇಲ್ಲ" ಎಂದು ಆಕೆ ನಕ್ಕರು.

ನಾವು ಕೊಂಡ ಅರಿವೆಯನ್ನು ಮೈಸೂರಿಗೆ ತಂದು ನಮ್ಮ ಬೀದಿಯ ದರ್ಜಿಯ ಮುಂದಿಟ್ಟೆವು. ಆತನು ವಯಸ್ಸಾದವನು, ಮಗನು ಬೇರೆ ಉದ್ಯೋಗದಲ್ಲಿರುವನು. ಅರಿವೆಯನ್ನು ಬೆರಳುಗಳ ನಡುವೆ ಉಜ್ಜಿ, ಮೂಗಿಗೆ ಹಿಡಿದು ನೋಡಿ, "ಕೈಮಗ್ಗದ್ದು, ಅಲ್ಲವೆ ಸ್ವಾಮಿ? ಇದನ್ನು ಕತ್ತರಿಸುವ ಮೊದಲು ನೀರು ತೋರಿಸಿ ಕುಗ್ಗಿಸಬೇಕು. ಎಂಟು ದಿನ ತಡೆಯಿರಿ" ಎಂದನು. ಎಂಟು ದಿನವೆಂದವನು ಇಪ್ಪತ್ತು ದಿನ ಮಾಡಿದನು. ನಾವು ತಕರಾರು ಮಾಡಲಿಲ್ಲ. ಕೋಟು ಬಂದಾಗ ಒಳಗನ್ನು ತಿರುಗಿಸಿ ನೋಡಿದೆವು. ಹೊಲಿಗೆಯ ಅಂಚಿನಲ್ಲಿ ಒಂದೂವರೆ ಅಂಗುಲದಷ್ಟು ಅರಿವೆಯನ್ನು ಆತನೂ ಒಳಕ್ಕೆ ಮಡಿಸಿ ಬಿಟ್ಟಿದ್ದನು.